ಹೆಗಲ ಟವೆಲು ಮೂಗಿಗೆ ಬಂದಾಗ

ಮಾಸ್ಕು ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಹಾಕು ಅಂದರು, ಹಾಕಿದೆ. ಆಮೇಲೆ ಸಾಕು ಅಂದರು, ಊರೆಲ್ಲ ತೆಗೆದು ಬಿಸಾಡಿತು. ನಮ್ಮ ಮನೆಯಲ್ಲಿ ಮಾತ್ರ ಬಾಗಿಲ ಪಕ್ಕದ ಮೊಳೆಗೆ ಇಂದಿಗೂ ಮಾಸ್ಕು ತೂಗುತ್ತವೆ. ಯಾರಿಗಾದರೂ ನೆಗಡಿ ಬಂದರೆ ಅಲ್ಲಿಂದ ಒಂದು ತೆಗೆದು ಕಿವಿಗೆ ಸಿಕ್ಕಿಸಿಕೊಂಡೇ ನನ್ನ ಗಂಡನ ಮುಂದೆ ಹೋಗಬೇಕು. ಇದು ನನ್ನ ಕಾಯಿದೆ. ಈ ಕಾಯಿದೆಯಿಂದ ಅವರ ಎದೆ ಉಳಿದಿದೆ. ಇದೇ ಮಾಸ್ಕಿನಿಂದ ಅವರು ನಮ್ಮ ಮುಖ ನೋಡುವುದನ್ನು ಬಿಟ್ಟರು. ಎರಡೂ ಖರೆ.

ನನ್ನ ಗಂಡ ದನದ ದಲಾಲ. ಉದಗೀರ, ದೇವಣಿ, ನಿಲಂಗಾ, ಉಮರ್ಗಾ, ಎಲ್ಲಿ ದನದ ಬಜಾರು ಕೂಡುತ್ತದೋ ಅಲ್ಲಿ ಇವರು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಸೌದಾ ಕೂಡಿಸುವುದು ಇವರ ಕೆಲಸ. ನಮ್ಮದು ಬೀರಪ್ಪನ ಒಕ್ಕಲು. ಮೊದಲು ಕುರಿ ಇದ್ದವು. ಕುರಿ ನಮ್ಮ ಮಾವನ ಕಾಲಕ್ಕೇ ಹೋದವು, ಜಾನುವಾರು ನೋಡುವ ಕಣ್ಣು ಮಾತ್ರ ಮನೆತನದಲ್ಲಿ ಉಳಿಯಿತು.

ಮಗ ಹೊಟ್ಟೆಯಲ್ಲಿದ್ದಾಗ ಇವರಿಗೆ ಕ್ಷಯ ಹಿಡಿಯಿತು. ದವಾಖಾನೆಗೆ ಹೋಗಿ ಹೋಗಿ ಸೂಜಿ ಚುಚ್ಚಿಸಿಕೊಂಡರು, ಕೂರಲು ಒಂದು ಮಗ್ಗುಲೂ ಉಳಿಯಲಿಲ್ಲ. ಕೊನೆಗೆ ಕೆಮ್ಮು ನಿಂತಿತು. ನಿಂತದ್ದು ಇವರಿಗೆ ಕೇಳಿಸಲಿಲ್ಲ, ಏಕೆಂದರೆ ಕಿವಿಯೂ ಅದರ ಜೊತೆಗೇ ನಿಂತಿತ್ತು. ಆ ಸೂಜಿ ಕೆಲವರಿಗೆ ಹಾಗೆ ಮಾಡುತ್ತದಂತೆ. ಡಾಕ್ಟರು ನನಗೆ ಹೇಳಿದ್ದು ಇಷ್ಟೇ: "ಜೀವ ಉಳದದ ನೋಡವ್ವ. ಒಂದು ಕಡೀ ಪುಪ್ಪುಸ ಒಣಗ್ಯದ. ಇನ್ನ ಮ್ಯಾಲ ಎದಿ ಜ್ವಾಕಿ." ಎದೆ ಜೋಪಾನ ಎಂಬ ಆ ಮಾತನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಕಿವಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಿವಿ ಹೋದ ಮನುಷ್ಯ ಬಾಯಿ ನೋಡಲು ಕಲಿತರು. ಯಾರೂ ಕಲಿಸಲಿಲ್ಲ. ನಮ್ಮ ಗಡಿಯ ಕಡೆ ಒಬ್ಬನೇ ಮನುಷ್ಯ ಒಂದು ಮಾತು ಕನ್ನಡದಲ್ಲಿ ಎತ್ತಿ ಮರಾಠಿಯಲ್ಲಿ ಇಳಿಸುತ್ತಾನೆ. ಇವರು ಎರಡನ್ನೂ ತುಟಿಯ ಮೇಲೆಯೇ ಓದುತ್ತಿದ್ದರು. "ಮರಾಠಿ ಬಾಯಿ ಅಗಲ ತೆರೀತದ, ಕನ್ನಡ ಬಾಯಿ ಒಳಗ ಜಗೀತದ," ಅನ್ನುತ್ತಿದ್ದರು. ಅದು ಖರೆಯೋ ಸುಳ್ಳೋ ನನಗೆ ಗೊತ್ತಿಲ್ಲ. ಆದರೆ ಅಂಗಳದ ಆಚೆ ತುದಿಯಲ್ಲಿ ನಿಂತು ಆಡಿದ ಮಾತೂ ಇವರಿಗೆ ತಪ್ಪುತ್ತಿರಲಿಲ್ಲ.

ಸೊಸೆ ಹೊಸದಾಗಿ ಬಂದಾಗ ಇದು ಆಕೆಗೆ ತಿಳಿಯಲಿಲ್ಲ. ಮಾವನಿಗೆ ಕಿವುಡು ಅಂದಮೇಲೆ ಅಡ್ಡಿ ಏನು ಎಂದು ಒಲೆಯ ಮುಂದೆ ಕೂತು ನನ್ನನ್ನು ಬಾಯೊಳಗೇ ಬೈಯುತ್ತಿದ್ದಳು. ಇವರು ಕಟ್ಟೆಯಿಂದ ಕೂಗಿದರು, "ಏ ಮುದುಕಿ, ನಿನಗ ಹಾಳಾದ ಹುಣಸಿಗಿಡ ಅಂದ್ಳು ಸೊಸಿ. ಹಣ್ಣಿಲ್ಲ, ನೆಳ್ಳೂ ಇಲ್ಲಂತ." ಸೊಸೆಯ ಕೈಯಿಂದ ಹಿಟ್ಟಿನ ಉಂಡೆ ಬಿತ್ತು. ನಾನು ಅಂದೆ, "ಹುಳಿ ಅಂದಿಲ್ಲಲ್ಲ, ನಡೀತದ." ಅಂದಿನಿಂದ ಆಕೆ ಬೈಯುವುದಿದ್ದರೆ ಗೋಡೆಗೆ ಮುಖ ಮಾಡಿ ಬೈದಳು.

ಹಾಗೆ ನೋಡಿದರೆ ದನದ ಬಜಾರಿನಲ್ಲಿ ಕಿವಿಯ ಕೆಲಸ ಕಡಿಮೆ. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲಾಲ ಹೆಗಲ ಮೇಲಿನ ಟವೆಲು ತೆಗೆದು ತನ್ನ ಕೈ ಮೇಲೆ ಹಾಸುತ್ತಾನೆ. ಅದರ ಕೆಳಗೆ ಗಿರಾಕಿ ಕೈ ಹಾಕುತ್ತಾನೆ. ಬೆರಳು ಹಿಡಿದು, ಅಂಗೈ ಒತ್ತಿ, ಒಳಗೊಳಗೇ ಬೆಲೆ ನಡೆಯುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಟವೆಲು ದಲಾಲನ ಮೈಮೇಲಿನದೇ ಆಗಿರಬೇಕು. ಚೀಲದಿಂದ ಬೇರೆ ಬಟ್ಟೆ ತೆಗೆದರೆ ಅದರೊಳಗೆ ಯಾರೂ ಕೈ ಹಾಕುವುದಿಲ್ಲ, ಇಂವ ಏನೋ ಆಟ ಹೂಡ್ಯಾನ ಅನ್ನುತ್ತಾರೆ. ಹೆಂಗಸು ಅದರೊಳಗೆ ಕೈ ಇಡುವ ರೂಢಿಯೇ ಇಲ್ಲ. ನಾನು ಇಟ್ಟಿದ್ದೇನೆ, ಆದರೆ ಬಜಾರಿನಲ್ಲಲ್ಲ. ಕಿವಿ ಹೋದ ಹೊಸದರಲ್ಲಿ ಇವರು ಸೋದರಮಾವನ ಹತ್ತಿರ ಈ ಕೆಲಸ ಕಲಿಯುತ್ತಿದ್ದರು. ಹಗಲು ಕಲಿತದ್ದನ್ನು ಮನೆಗೆ ಬಂದು ನನ್ನ ಕೈ ಮೇಲೆ ರೂಢಿ ಮಾಡುತ್ತಿದ್ದರು. ಒಂದು ಮಾತು ನನಗೆ ಒತ್ತಿ ಒತ್ತಿ ಹೇಳಿದರು: "ಕೈ ಬೆಲೆ ಹೇಳ್ತದ. ಆ ಬೆಲೆ ಖರೇನೋ ಖೊಟ್ಟಿನೋ ಬಾಯಿ ಹೇಳ್ತದ. ಬೆರಳು ಒತ್ತಿದ ಕೂಡ್ಲೆ ಮಾರಿ ನೋಡಬೇಕು." ಅದಕ್ಕೇ ಇವರು ಬೆರಳು ಒತ್ತಿ, ತಟ್ಟನೆ ತಲೆ ಎತ್ತಿ ಎದುರಿನವನ ತುಟಿ ನೋಡುತ್ತಿದ್ದರು. ಅದೇ ಇವರ ಅನ್ನ.

ಆಮೇಲೆ ಬಂದಿತು ಆ ರೋಗ. ಮಗ ಉದಗೀರಿನಲ್ಲಿ ಹಿಂಡಿ, ಬೂಸಾ ಮಾರುವ ಅಂಗಡಿ ಇಟ್ಟಿದ್ದಾನೆ, ನಾಲ್ಕು ಜನರ ಮಾತು ಅವನ ಕಿವಿಗೆ ಬೀಳುತ್ತದೆ. ಅವನೇ ಮೊದಲು ಮನೆಗೆ ಮಾಸ್ಕು ತಂದ. "ಅವ್ವ, ಅಪ್ಪನ ಎದಿ ಮೊದಲೇ ಅರ್ಧ ಅದ. ಇದು ಹೊಕ್ತಂದ್ರ ಮುಗೀತು. ಮನ್ಯಾಗೂ ಹಾಕ್ಕೋರಿ. ನಾ ಹತ್ತು ಮಂದಿ ನಡುವ ಕೂತು ಬರ್ತೀನಿ." ಅವನ ಮಾತು ಸರಿಯಿತ್ತು. ನಾನು ಸೆರಗಿನ ಗಂಟು ನೆನೆಸಿಕೊಂಡೆ. ಸೊಸೆ ಹಳೆಯ ಖಣದ ತುಂಡು ಹೊಲಿದು ಇನ್ನಷ್ಟು ಮಾಡಿದಳು. ಕೆಂಪು, ಹಸಿರು, ಅಂಚಿನದು. ಎಲ್ಲರೂ ಹಾಕಿಕೊಂಡೆವು.

ಒಂದೇ ದಿನದಲ್ಲಿ ಮನೆ ಮೂಕಾಯಿತು. ಮನೆ ಮೂಕಾಗಲಿಲ್ಲ, ನಾವೆಲ್ಲ ಮಾತಾಡುತ್ತಲೇ ಇದ್ದೆವು, ಮೊದಲಿಗಿಂತ ಹೆಚ್ಚು. ಮೂಕಾದದ್ದು ಅವರಿಗೊಬ್ಬರಿಗೆ.

ಮೊದಮೊದಲು ನಗೆಯಾಗಿತ್ತು. ಊಟಕ್ಕೆ ಏಳಿ ಅಂದರೆ ಎದ್ದು ಹೋಗಿ ಎಮ್ಮೆ ಬಿಚ್ಚಿದರು. ಎಮ್ಮೆ ಕಟ್ಟಿ ಅಂದರೆ ಬಂದು ತಾಟಿನ ಮುಂದೆ ಕೂತರು. ಸೊಸೆಗೆ ಮಾತ್ರ ಸುಗ್ಗಿ. ಮಾಸ್ಕಿನೊಳಗೆ ಗಲ್ಲ ಅಲ್ಲಾಡುವುದು ಕಾಣುತ್ತಿತ್ತು.

"ಏನ ಬೈತಿ ಒಳಗ?" ಅಂದೆ.

"ದೇವರ ನಾಮ ಹೇಳ್ಲತ್ತೀನ್ರೀ ಅತ್ತೀ."

"ಯಾವ ದೇವರದು?"

"ಹುಣಸಿಗಿಡದ ದೇವರದು," ಅಂದಳು.

ಮಾಸ್ಕಿನಿಂದ ಸೊಸೆಗೆ ಲಾಭವಾಯಿತು, ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾವನ ಕಣ್ಣಿನ ಕೆಳಗೆ ಬಾಯಿ ಬಿಗಿಹಿಡಿದು ಬದುಕಿದವಳು ಅವಳು. ಹೀಗಾದರೂ ಅವಳ ಮಾತು ಅವಳದಾಯಿತು.

ಇವರು ಮಾತ್ರ ನಗಲಿಲ್ಲ. ಒಂದು ದಿನ ಎತ್ತಿನ ಬಾಯಿಕುಕ್ಕೆ ತಂದು ನನ್ನ ಮುಂದೆ ಹಿಡಿದರು. ಎಡೆ ಹೊಡೆದು ಕಳೆ ತೆಗೆಯುವಾಗ ಎತ್ತು ಬೆಳೆಗೆ ಬಾಯಿ ಹಾಕಬಾರದೆಂದು ಮೂತಿಗೆ ಕಟ್ಟುವ ಹಗ್ಗದ ಜಾಳಿಗೆ ಅದು. "ಎತ್ತಿಗೆ ಇದನ್ನ ಯಾಕ ಕಟ್ತಾರ, ನನಗ ಗೊತ್ತದ. ಹೊಲದ ಕೆಲಸ ಮುಗದ್ರ ಬಿಚ್ಚತಾರ. ನೀವು ಯಾವಾಗ ಬಿಚ್ಚತೀರಿ?" ನಾನು ಹೇಳಿದೆ. ಕೇಳಿಸಲಿಲ್ಲ, ಕಾಣಿಸಲಿಲ್ಲ. ಕೈ ಆಡಿಸಿ ತೋರಿಸಿದೆ, ಇನ್ನೂ ತಡೀರಿ ಎಂದು. ಅವರು ಕುಕ್ಕೆಯನ್ನು ಗೂಟಕ್ಕೆ ಹಾಕಿ ದನದ ಕೊಟ್ಟಿಗೆಗೆ ಹೋದರು. ದನ ಮಾಸ್ಕು ಹಾಕುವುದಿಲ್ಲವಲ್ಲ.

ಆ ದಿನಗಳಲ್ಲಿಯೇ ಒಂದು ಅಮಾವಾಸ್ಯೆ ಬಂದಿತು. ಬೀರಪ್ಪನ ಗುಡಿಗೆ ಕೀಲಿ. ಇವರು ಬಾಗಿಲ ಹೊರಗೆ ನಿಂತು ಹಣೆಗೆ ಭಂಡಾರ ಹಚ್ಚಿಕೊಂಡು, ಹಾಗೇ ರೇಶನ್ ಅಂಗಡಿಯ ಸಾಲಿಗೆ ಹೋದರು. ಅರಿಸಿನದ ಪುಡಿ ಮೂಗಿಗೆ ಹೊಕ್ಕಿತು. ಟವೆಲು ಹೆಗಲ ಮೇಲಿತ್ತು. ಒಂದು ದೊಡ್ಡ ಸೀನು. ಸಾಲು ಚದುರಿ ಹೋಯಿತಂತೆ. ಮನೆಗೆ ಬಂದು ನನ್ನನ್ನು ಕೇಳಿದರು, "ಅಲ್ಲಿ ಹಾವು ಗೀವು ಬಂದಿತ್ತೇನ? ಎಲ್ಲಾರೂ ಓಡಿ ಹೋದ್ರು, ನನಗೊಬ್ಬರೂ ಹೇಳಲಿಲ್ಲ." ಹೇಳಿರುತ್ತಾರೆ. ಮಾಸ್ಕಿನೊಳಗಿಂದ ಹೇಳಿರುತ್ತಾರೆ. ಅಂದಿನಿಂದ ಟವೆಲನ್ನು ಮೂಗಿಗೆ ಸುತ್ತಿಕೊಂಡೇ ಹೊರಗೆ ಹೋಗತೊಡಗಿದರು. ಮಾಸ್ಕಿನ ದಾರ ಕಿವಿಗೆ ಬೇಡ, ಮೊದಲೇ ಕೆಟ್ಟ ಕಿವಿ ಅವು ಅಂದರು. ಮಗನೂ ಆಗಲಿ ಅಂದ. ಮೂಗು ಬಾಯಿ ಮುಚ್ಚಿದರೆ ಸಾಕಲ್ಲ.

ಬಜಾರು ಮತ್ತೆ ತೆರೆದಾಗ ಇವರನ್ನು ಹಿಡಿಯುವವರು ಇರಲಿಲ್ಲ. ಮನೆಯಲ್ಲಿ ಕೂತ ಮುಖ ಒಣಗಿದ ಬದನೆಕಾಯಿ ಆಗಿತ್ತು. ನಾನು ಬೇಡ ಅನ್ನಲಿಲ್ಲ. ಮಗ ತಾನೂ ಜೊತೆಗೆ ದೇವಣಿಗೆ ಹೋದ. ಸಂಜೆ ಬಂದವನು ಅಂಗಳದಲ್ಲೇ ನಿಂತು ಹೇಳಿದ.

"ಅವ್ವ, ಅಪ್ಪ ಏನ ಮಾಡ್ತಾನ ಗೊತ್ತದ ಏನ? ಹಾದಿ ಪೂರಾ ಟವೆಲ್ ಮೂಗಿಗೆ ಬಿಗದಾನ, ಭಾಳ ಛಲೋ. ಬಜಾರಾಗ ಹೋದ ಕೂಡ್ಲೆ ಗಿರಾಕಿ ಬಂದ. ಟವೆಲ್ ಮೂಗಿನ ಮ್ಯಾಲಿಂದ ತಗದ, ಕೈ ಮ್ಯಾಲ ಹಾಸ್ದ. ಅಂವಾ ಕೈ ಹಾಕ್ದ, ಇಂವಾ ಕೈ ಹಾಕ್ದ. ಸೌದಾ ಝಾಲಾ, ಮುಗೀತು ಅಂದ್ರು. ಅದೇ ಟವೆಲ್ ಝಾಡಿಸಿ ಮತ್ತ ಮೂಗಿಗೆ ಕಟ್ಟಕೊಂಡ."

"ಒಬ್ಬ ಗಿರಾಕಿದೇ ಕೈ ಏನ?" ಅಂದೆ.

"ಒಬ್ಬರದೇನು, ಊರ ಮಂದಿ ಕೈ ಎಲ್ಲಾ ಅದರಾಗೇ. ಇವನೊಬ್ಬನೇ ಅಲ್ಲ, ಅಲ್ಲಿ ಎಲ್ಲಾ ದಲಾಲರೂ ಹಂಗೇ. ಮಾಸ್ಕ್ ಹಾಕ್ಕೊಂಡು ಬಂದೀವಿ ಅಂತಾರ ಮತ್ತ."

ನಾನು ಇವರ ಟವೆಲು ಕಿತ್ತುಕೊಂಡು ಬಿಸಿನೀರಿಗೆ ಹಾಕಿದೆ. ನೀರು ಹಳದಿಯಾಯಿತು, ಆಮೇಲೆ ಕಪ್ಪಾಯಿತು. ದನದ ವಾಸನೆ, ತಂಬಾಕಿನ ವಾಸನೆ, ಯಾರು ಯಾರದೋ ಬೆವರು. ಇದನ್ನು ಬಾಯಿಗೆ ಕಟ್ಟಿಕೊಂಡು ಬಂದಿದ್ದರು. ಬರಿಮೂಗಿನಲ್ಲಿ ಬಂದಿದ್ದರೂ ಇದಕ್ಕಿಂತ ಸ್ವಚ್ಛ ಬಂದಿರುತ್ತಿದ್ದರೋ ಏನೋ.

ಮಗ ಬೇರೆ ಟವೆಲು ಕೊಡಿಸಿದ, ಒಂದು ಮೂಗಿಗೆ ಒಂದು ಕೈಗೆ ಎಂದು. ಕೈಯದನ್ನು ಹೆಗಲ ಮೇಲೆ, ಮೂಗಿನದನ್ನು ಮುಖದ ಮೇಲೆ. ಅವನು ಅಂಗಡಿ ಬಿಟ್ಟು ಜೊತೆಗೆ ಹೋದಷ್ಟು ದಿನ ಅದು ನಡೆಯಿತು. ಅವನು ಹೋಗದ ದಿನ ಎರಡು ಟವೆಲೂ ಒಂದಾದವು. ಮೂವತ್ತು ವರ್ಷದ ಕೈಗೆ ಎಲ್ಲಿ ಟವೆಲು ಸಿಗುತ್ತದೋ ಅದೇ ಟವೆಲು.

ಇನ್ನೊಂದೂ ಆಯಿತು. ಎದುರಿನವನ ಬಾಯಿ ಕಾಣದೆ ಇವರ ಸೌದಾ ಕೆಟ್ಟಿತು. ಜಳಕೋಟದ ಕಡೆಯವನೊಬ್ಬ ದೇವಣಿ ತಳಿಯ ಹೋರಿ ತಂದಿದ್ದ. ನೋಡಲು ರಾಜ. ಇವರು ಬೆರಳು ಒತ್ತಿ, ರೂಢಿಯಂತೆ ತಲೆ ಎತ್ತಿದರು. ಮುಖದ ತುಂಬ ನೀಲಿ ಬಟ್ಟೆ. ಸರಿ ಎಂದು ಸೌದಾ ಮುಗಿಸಿದರು. ಹೋರಿ ಹಾಯುವಂಥದ್ದು. ಕೊಂಡವನ ತಮ್ಮನನ್ನು ಗೋಡೆಗೆ ಒತ್ತಿತು. ಕೊಂಡವರು ನಮ್ಮ ಮನೆಗೆ ಬಂದು ಅಂಗಳದಲ್ಲಿ ನಿಂತು ಬೈದರು. ಅವರೂ ಮಾಸ್ಕಿನಲ್ಲಿದ್ದರು. ಇವರು ಒಬ್ಬೊಬ್ಬರ ಕಣ್ಣು ನೋಡುತ್ತ ನಿಂತರು, ಏನು ಬೈಯುತ್ತಿದ್ದಾರೆಂದೂ ತಿಳಿಯಲಿಲ್ಲ. ಬೈದವರು ಹೋದಮೇಲೆ ಇವರು ನನಗೆ ಅಂದರು, "ಆ ಬಾಯಿ ಕಂಡಿದ್ರ ನಾ ಹಿಡೀತಿದ್ದೆ." ಮತ್ತೆ ಅಂದರು, "ಮಾರಿ ಇಲ್ಲದ ಬಜಾರಕ್ಕ ನಾ ಯಾಕ ಹೋಗಬೇಕು." ಆದರೂ ಹೋದರು. ಹೋಗದೆ ಮತ್ತೆಲ್ಲಿಗೆ ಹೋಗುತ್ತಾರೆ.

ಎರಡನೆಯ ಸಲ ರೋಗ ಎದ್ದು ಊರೂರಿಗೆ ಹೊಕ್ಕಾಗ ಇವರಿಗೂ ಬಂದಿತು. ಟವೆಲಿನಿಂದ ಬಂದಿತೋ, ಮಗನ ಅಂಗಡಿಯಿಂದ ಬಂದಿತೋ, ಬಾಗಿಲಿಗೆ ಬಂದು ಬೈದವರಿಂದ ಬಂದಿತೋ, ಹೇಳುವವರು ಯಾರು. ಮಗ ಟವೆಲು ಅಂದ. ಇವರ ಜೊತೆಯ ದಲಾಲನೊಬ್ಬ, ಒಮ್ಮೆಯೂ ಮೂಗು ಮುಚ್ಚದವನು, "ಬಿಸಲಾಗ ರೋಗ ಸಾಯ್ತದ, ಮಾಸ್ಕ್ ಕಟ್ಟಿ ಉಸಿರು ಕಟ್ಟೇ ಇವನಿಗಿ ಆಗ್ಯದ," ಅಂದ. ಅವನಿಗೆ ಏನೂ ಆಗಲಿಲ್ಲ. ದೇವಣಿಯಲ್ಲಿ ಅವನ ಹಾಗೆಯೇ ಇದ್ದ ಇನ್ನೊಬ್ಬನನ್ನು ಅದೇ ವಾರ ಮಣ್ಣು ಮಾಡಿದರು. ಒಬ್ಬನನ್ನು ನೋಡಿ ಕಾಯಿದೆ ಮಾಡಬಾರದು ಎಂದು ನಾನು ಅವತ್ತು ಕಲಿತೆ. ಡಾಕ್ಟರನ್ನು ಕೇಳಿದೆ. ಅವರು ನೇರ ಹೇಳಿದರು: ಬಟ್ಟೆ ಎಲ್ಲವನ್ನೂ ತಡೆಯುವುದಿಲ್ಲ, ಕೊಂಚ ತಡೆಯುತ್ತದೆ. ಒದ್ದೆಯಾದರೆ ಬದಲಿಸಬೇಕು. ಗದ್ದಕ್ಕೆ ಇಳಿಸಿದರೆ ಇದ್ದೂ ಇಲ್ಲ. ಇಷ್ಟೇ. ಈ ಕೊಂಚ ಎಂಬುದು ಆರೋಗ್ಯವಂತನಿಗೆ ಕೊಂಚ. ಅರ್ಧ ಎದೆಯವನಿಗೆ ಅದೇ ಬಹಳ.

ಉದಗೀರಿನ ದವಾಖಾನೆಯಲ್ಲಿ ಮಂಚ ಸಿಕ್ಕಿತು. ಇವರಿಗೆ ಕೇಳಿಸುವುದಿಲ್ಲವೆಂದು ನನ್ನನ್ನು ಹತ್ತಿರ ಇರಗೊಟ್ಟರು. ಅಲ್ಲಿ ಮುಖ ಇದ್ದವರು ಒಬ್ಬರೂ ಇರಲಿಲ್ಲ. ನರ್ಸಮ್ಮಂದಿರು ತಲೆಯಿಂದ ಕಾಲಿನವರೆಗೆ ಬಿಳಿ ಚೀಲ. ಡಾಕ್ಟರು ಬಂದರೆ ಎರಡು ಕಣ್ಣು, ಅದರ ಮೇಲೆ ಗಾಜು. ನಾನು ಒಂದರ ಮೇಲೆ ಒಂದು ಮಾಸ್ಕು. ಇವರ ಮುಖದ ಮೇಲೂ ಆಮ್ಲಜನಕದ ಬಟ್ಟಲು. ಸೂಜಿ ಬರುತ್ತದೋ, ನಳಿಗೆ ಬರುತ್ತದೋ, ಮನೆಗೆ ಕಳಿಸುತ್ತಾರೋ, ಇವರಿಗೆ ಏನೂ ತಿಳಿಯುತ್ತಿರಲಿಲ್ಲ. ಪಕ್ಕದ ಮಂಚದವನನ್ನು ಚಾದರ ಮುಚ್ಚಿ ಒಯ್ದಾಗ ನನ್ನ ಕಡೆ ತಿರುಗಿದರು. ನನ್ನ ಮೂಗಿನ ಕೆಳಗೆ ನೋಡಿದರು. ಬಟ್ಟೆ. ಕೈ ಎತ್ತಿ ನನ್ನ ಮಾಸ್ಕಿನ ಕಡೆ ಬೆರಳು ತೋರಿಸಿದರು. ಇಳಿಸು ಎಂದು.

ನಾನು ಇಳಿಸಲಿಲ್ಲ. ನರ್ಸಮ್ಮ ಅಲ್ಲಿಯೇ ಇದ್ದಳು, "ಆಜೀ, ನಕೋ, ತಗೀಬ್ಯಾಡ್ರಿ," ಅಂದಳು. ಆಕೆ ಅನ್ನದಿದ್ದರೂ ಇಳಿಸುತ್ತಿರಲಿಲ್ಲ. ನಾನು ಬಿದ್ದರೆ ಇವರ ಹತ್ತಿರ ನಿಲ್ಲುವವರು ಯಾರು? ಸೊಸೆಗೆ ಕೂಸು ಚಿಕ್ಕದು. ಮತ್ತೆ ಅಂಥ ದಿನ ಬಂದರೆ ಆಗಲೂ ಇಳಿಸುವುದಿಲ್ಲ. ಇದರಲ್ಲಿ ಅಳುವುದೇನೂ ಇಲ್ಲ, ಅತ್ತೂ ಇಲ್ಲ. ಅವರು ಬೆರಳು ಇಳಿಸಿದರು, ಗೋಡೆಯ ಕಡೆ ಹೊರಳಿದರು. ಆಮೇಲೆ ಯಾರು ಬಂದರೂ ಇತ್ತ ತಿರುಗಲಿಲ್ಲ. ಸೂಜಿಗೆ ತೋಳು ಕೊಟ್ಟರು, ಮುಖ ಕೊಡಲಿಲ್ಲ.

ಬದುಕಿ ಮನೆಗೆ ಬಂದರು. ಎಲ್ಲರಿಗೂ ಆಶ್ಚರ್ಯ. ಸೊಸೆ ಆರತಿ ಎತ್ತಿದಳು. ಇವರು ಆರತಿಯ ತಾಟು ನೋಡಿದರು, ತಾಟಿನ ಕೆಳಗಿನ ಕೈ ನೋಡಿದರು, ಒಳಗೆ ಹೋದರು. ಎದೆಯಲ್ಲಿ ಉಸಿರು ಮೊದಲಿನ ಹಾಗಿಲ್ಲ. ಕಟ್ಟೆಯಿಂದ ಕೊಟ್ಟಿಗೆಗೆ ಹೋದರೆ ಕೂತು ಏಳಬೇಕು. ಬಜಾರು ಮುಗಿಯಿತು.

ಊರು ಮಾಸ್ಕು ತೆಗೆದಾಗ ನಾನು ಅಂದುಕೊಂಡೆ, ಇನ್ನು ಸರಿಯಾಗುತ್ತದೆ. ಬಾಯಿ ತೆರೆದು ಎದುರಿಗೆ ನಿಂತೆ. "ಏನ್ರೀ, ಚಹಾ ಕುಡೀತೀರೇನು?" ಅವರು ನನ್ನ ಕೈ ನೋಡಿದರು, ಅದರಲ್ಲಿ ಕಪ್ಪು ಇದೆಯೋ ಇಲ್ಲವೋ ಎಂದು. ಮಗ ಎದುರಿಗೆ ಕೂತು ಗದ್ದ ಹಿಡಿದು ಎತ್ತಿದ. ಗದ್ದ ಎದ್ದಿತು, ಕಣ್ಣು ನೆಲದ ಮೇಲೆಯೇ ಇದ್ದವು. ಲಾತೂರಿನಿಂದ ಕಿವಿಯ ಮಷೀನು ತಂದ. ಅದು ಇವರ ಕಿವಿಯಲ್ಲಿ ಸಿಳ್ಳೆ ಹೊಡೆಯಿತು. ತೆಗೆದು ಗೂಡಿನಲ್ಲಿ ಇಟ್ಟರು, ಇನ್ನೂ ಅಲ್ಲೇ ಇದೆ. ನಮ್ಮ ಮೇಲೆ ಸಿಟ್ಟಿಲ್ಲ. ಕೊಟ್ಟದ್ದು ಉಣ್ಣುತ್ತಾರೆ, ಹಾಸಿದಲ್ಲಿ ಮಲಗುತ್ತಾರೆ. ನೋಡುವ ರೂಢಿ ತಪ್ಪಿತು, ಅಷ್ಟೇ. ಎತ್ತಿಗೆ ಕುಕ್ಕೆ ಬಹಳ ದಿನ ಬಿಟ್ಟರೆ, ಬಿಚ್ಚಿದ ಮೇಲೂ ಅದು ತುಸು ಹೊತ್ತು ಹುಲ್ಲಿಗೆ ಬಾಯಿ ಹಾಕುವುದಿಲ್ಲ. ಎತ್ತಿಗೆ ತುಸು ಹೊತ್ತು. ಮನುಷ್ಯನಿಗೆ ಎಷ್ಟು ಹೊತ್ತು, ಬಲ್ಲವರಿಲ್ಲ.

ನನಗೆ ಬೇಕಾದದ್ದು ಒಂದೇ ಇತ್ತು. ಈ ಮನುಷ್ಯ ಸಾಯುವುದರೊಳಗೆ ಇನ್ನೊಮ್ಮೆ ತಲೆ ಎತ್ತಿ ಯಾರ ಬಾಯಿಯನ್ನಾದರೂ ನೋಡಬೇಕು. ನನ್ನದೇ ಆಗಬೇಕೆಂದಿಲ್ಲ. ಸೊಸೆಯದಾದರೂ ಆದೀತು. ಸೊಸೆಯೇ ಒಂದು ದಿನ ಬಂದು ಅಂದಳು, "ಅತ್ತೀ, ಮಾವನ ಎದುರಿಗೇ ನಿಂತು ನಿಮಗ ಬೈದೆ, ಖರೇನೇ ಬೈದೆ. ಅವರು ಹೇಳಲಿಲ್ಲ." ಆಕೆಯ ಮುಖ ಸಣ್ಣದಾಗಿತ್ತು. "ಏನಂತ ಬೈದಿ?" ಅಂದೆ. "ಅದೇ, ಹುಣಸಿಗಿಡ." ನಾವಿಬ್ಬರೂ ರೊಟ್ಟಿ ಬಡಿದೆವು.

ಹಾಗಾದರೆ ಮಾಸ್ಕು ಸುಟ್ಟುಬಿಡಬೇಕಿತ್ತಲ್ಲ ಎಂದು ಯಾರಾದರೂ ಅಂದಾರು. ಸುಡಲಿಲ್ಲ. ಉಳಿದ ಎದೆಗೆ ಈಗ ನೆಗಡಿಯೂ ರೋಗವೇ. ಕಳೆದ ವರ್ಷ ಮಗ ಕೆಮ್ಮುತ್ತ ಬರಿಬಾಯಿಯಲ್ಲಿ ಹತ್ತಿರ ಕೂತ, ಇವರು ಆಮೇಲೆ ಹಾಸಿಗೆ ಹಿಡಿದು ಮತ್ತೆ ಅದೇ ದವಾಖಾನೆ, ಅದೇ ಗೋಡೆ. ಮೊಳೆಗೆ ಮಾಸ್ಕು ತೂಗಹಾಕಿದ್ದು ಅಂದಿನಿಂದ. ಸೋಯಾಬೀನು ರಾಶಿ ಮಾಡುವಾಗ ಸೊಸೆಯೂ ಅಲ್ಲಿಂದಲೇ ಒಂದು ತೆಗೆದುಕೊಳ್ಳುತ್ತಾಳೆ. ಮಷೀನಿನ ಧೂಳಿಗೆ ಮೊದಲು ಸೆರಗು ಕಚ್ಚಿಕೊಂಡು ನಿಲ್ಲುತ್ತಿದ್ದೆವು, ನಾಲ್ಕು ದಿನ ಕಪ್ಪು ಉಗುಳುತ್ತಿದ್ದೆವು. ಈಗ ಅವಳು ಉಗುಳುವುದಿಲ್ಲ.

ಈ ಸಲದ ಚಳಿಯಲ್ಲಿ ಮೊಮ್ಮಗಳಿಗೆ ನೆಗಡಿಯಾಯಿತು. ಆಕೆಯಿಂದ ನನಗೂ ಹತ್ತಿತು. ನಾನು ಮೊಳೆಯಿಂದ ಮಾಸ್ಕು ತೆಗೆದು ಹಾಕಿಕೊಂಡೆ. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ಇವರು ಕಟ್ಟೆಯ ಮೇಲೆ ಕೂತಿದ್ದರು, ಟವೆಲು ತೊಡೆಯ ಮೇಲೆ, ಎದುರಿಗೆ ಗೂಟಕ್ಕೆ ನಮ್ಮ ಮುದಿ ಆಕಳು. ಎಂದಿನಂತೆ ಭುಜ ಮುಟ್ಟಿ ಎಬ್ಬಿಸಬೇಕು. ಮುಟ್ಟಲು ಹೋದವಳು ಅವರ ಕೈ ನೋಡಿದೆ. ಟವೆಲಿನ ಕೆಳಗೆ ಬೆರಳು ತಾವೇ ಒಂದನ್ನೊಂದು ಹಿಡಿಯುತ್ತಿದ್ದವು, ಬಿಡುತ್ತಿದ್ದವು. ಯಾವ ಗಿರಾಕಿಯೋ.

ನಾನು ಪಕ್ಕದಲ್ಲಿ ಕೂತೆ. ಮುಖ ಆಚೆ ತಿರುಗಿಸಿ, ಟವೆಲಿನೊಳಗೆ ಕೈ ಹಾಕಿದೆ. ಆಕಳ ಕಡೆ ಗೋಣು ಮಾಡಿ ತೋರಿಸಿ, ಅವರ ಒಂದು ಬೆರಳು ಹಿಡಿದು ಒತ್ತಿದೆ. ಆ ಹಿಡಿತದ ಬೆಲೆಗೆ ಒಂದು ಮೇಕೆಯೂ ಬರುವುದಿಲ್ಲ. ಅದು ನನಗೂ ಗೊತ್ತು.

ಅವರ ಕೈ ಗಟ್ಟಿಯಾಯಿತು. ನನ್ನ ಬೆರಳನ್ನು ಝಾಡಿಸಿ ಬಿಟ್ಟರು, ಸೌದಾ ಒಲ್ಲೆ ಅನ್ನುವ ಹಾಗೆ. ನಾನು ಮತ್ತೆ ಅದೇ ಬೆರಳು ಹಿಡಿದೆ.

"ಯಾವ ಹುಚ್ಚಿ ಇಕಿ," ಅಂದರು. ಅಂದು, ಬೆರಳು ಒತ್ತಿದವರ ಮುಖ ನೋಡಬೇಕೆಂಬ ಹಳೆಯ ರೂಢಿಗೆ, ತಟ್ಟನೆ ತಲೆ ಎತ್ತಿದರು.

ಅಲ್ಲಿ ಮಾಸ್ಕು ಇತ್ತು. ಅವರ ಕಣ್ಣು ಅದರ ಮೇಲೆ ನಿಂತವು. ಇನ್ನೊಂದು ಗಳಿಗೆ ಬಿಟ್ಟರೆ ಕೆಳಗೆ ಇಳಿಯುತ್ತವೆ ಎಂದು ನನಗೆ ತಿಳಿಯಿತು. ನಾನು ಕೈ ಹಿಂದೆ ತೆಗೆದು, ಎದ್ದು, ಅಂಗಳದ ಆಚೆ ತುದಿಗೆ ಹೋದೆ. ಅವರ ಕಣ್ಣು ನನ್ನ ಹಿಂದೆ ಬಂದವು. ಗಾಳಿ ಕೊಟ್ಟಿಗೆಯ ಕಡೆಯಿಂದ ಬೀಸುತ್ತಿತ್ತು, ಅವರ ಕಡೆಯಿಂದ ನನ್ನ ಕಡೆಗೆ. ಅದನ್ನೂ ನೋಡಿಕೊಂಡೆ. ಆಮೇಲೆ ಮಾಸ್ಕು ಗದ್ದಕ್ಕೆ ಇಳಿಸಿದೆ.

"ಕೊಡ್ತೀರೋ ಇಲ್ಲೋ?" ಅಂದೆ.

ಅವರು ನನ್ನ ಬಾಯಿ ನೋಡಿದರು. ಬಹಳ ಹೊತ್ತು ನೋಡಿದರು, ಅಕ್ಷರ ಮರೆತವನು ಗೋಡೆಯ ಬರಹ ನೋಡುವ ಹಾಗೆ.

"ಇಷ್ಟಕ್ಕ ಅದರ ದಾವಣಿ ಹಗ್ಗಾನೂ ಬರೂದಿಲ್ಲ," ಅಂದರು. "ಹಲ್ಲು ಯಾವಾಗ ಬಿದ್ದಾವ ನಿನ್ನವು?"

"ನೀವು ಗ್ವಾಡಿ ನೋಡೂ ಮುಂದ ಬಿದ್ದಾವ. ಊಟಕ್ಕ ಏಳ್ರಿ."

ಎದ್ದರು. ನಾನು ಮಾಸ್ಕು ಮೇಲಕ್ಕೆ ಎಳೆದುಕೊಂಡು ಒಳಗೆ ಹೋಗಿ ರೊಟ್ಟಿ ಬಡಿಸಿದೆ. ತಾಟಿನ ಮುಂದೆ ಕೂತಮೇಲೆ ಅವರ ತಲೆ ಮತ್ತೆ ತಗ್ಗಿತು. ಸೊಸೆ ಏನೋ ಕೇಳಿದಳು, ನೋಡಲಿಲ್ಲ. ನಾನು ಇನ್ನೊಂದು ರೊಟ್ಟಿ ಹಾಕಿದೆ, ಹಿಗ್ಗಲಿಲ್ಲ. ಹಿಗ್ಗುವುದಕ್ಕೂ ಏನಾದರೂ ಒಳಗೆ ಉಳಿದಿರಬೇಕಲ್ಲ.

ಮರುದಿನ ಮಧ್ಯಾಹ್ನ ಕರೆಯಲು ಹೋದಾಗ ಅವರು ನೆಲವನ್ನೇ ನೋಡುತ್ತ ಕೂತಿದ್ದರು. ಟವೆಲು ಮಾತ್ರ ಬಲಗೈ ಮೇಲೆ ಸರಿಯಾಗಿ ಹಾಸಿತ್ತು, ದಲಾಲ ಗಿರಾಕಿಗೆ ಹಾಸುವ ಹಾಗೆ. ನನಗೆ ನೆಗಡಿ ಇನ್ನೂ ಇತ್ತು. ನಾನು ಹಿಂದಕ್ಕೆ ಬಂದು, ಸಾಬೂನು ಹಚ್ಚಿ ಕೈ ತೊಳೆದುಕೊಂಡು, ಮಾಸ್ಕು ಸರಿಮಾಡಿಕೊಂಡು ಹೋದೆ.